ಅಡ್ಡಗಟ್ಟಿದ ಬೀದಿಯ ನೀರುಗಂಟಿ

ಅವರ ಅಂಗಿಯ ಬಲಭುಜ ಯಾವಾಗಲೂ ತುಕ್ಕಿನ ಬಣ್ಣ ಹಿಡಿದಿರುತ್ತಿತ್ತು. ವಾಲ್ವ್ ತಿರುಗಿಸುವ ಆಳುದ್ದದ ಕಬ್ಬಿಣದ ಕೀಲಿಯನ್ನು ಮೂವತ್ತು ವರ್ಷ ಅಲ್ಲೇ ಹೊತ್ತಿದ್ದರು. ಎಷ್ಟು ಒಗೆದರೂ ಆ ಕಲೆ ಹೋಗುತ್ತಿರಲಿಲ್ಲ. ಮಧುಗಿರಿ ತಾಲ್ಲೂಕಿನ ನಮ್ಮೂರಿಗೆ ಅವರು ನೀರುಗಂಟಿ. ನನಗೆ, ಲಾಕ್‌ಡೌನಿನ ಆ ವಸಂತದಲ್ಲಿ, ಊರನ್ನೇ ತೋರಿಸಿಕೊಟ್ಟವರು.

ವಿಶ್ವವಿದ್ಯಾಲಯ ಮುಚ್ಚಿದ್ದರಿಂದ ಮನೆಗೆ ಮರಳಿದ್ದ ನಾನು ಪ್ರತಿ ಬೆಳಿಗ್ಗೆ ಅವರ ಹಿಂದೆ ಹೊರಡುತ್ತಿದ್ದೆ. ಪೊಲೀಸರು ತಡೆಯದೆ ಬಿಡುತ್ತಿದ್ದುದು ಅವರನ್ನು, ಅವರ ಜೊತೆಗಿದ್ದವರನ್ನು ಮಾತ್ರ. ಬಸ್ಸಿಲ್ಲದ ಹಿಂದೂಪುರದ ರಸ್ತೆಯ ಮೇಲೆ ಹೊಂಗೆಯ ಹೂವು ಚೆಲ್ಲಿರುತ್ತಿತ್ತು. ಹುಟ್ಟಿ ಬೆಳೆದ ಊರಿನಲ್ಲಿ ಇಷ್ಟೊಂದು ಬೀದಿಗಳಿವೆ ಎಂದು ನನಗೆ ತಿಳಿದದ್ದು ಆಗಲೇ! ವಾಲ್ವ್ ತಿರುಗಿಸಿದ ಮೇಲೆ ಅವರು ಅಲ್ಲಿ ನಿಲ್ಲುತ್ತಿರಲಿಲ್ಲ. ಬೀದಿಯ ಕೊನೆಯ ಮನೆಗೆ ನಡೆದು, ಅಲ್ಲಿನ ಕೊಡ ತುಂಬುವವರೆಗೂ ಕಾಯುತ್ತಿದ್ದರು. ದಾರಿಯುದ್ದಕ್ಕೂ ಬಾಗಿಲು ಬಾಗಿಲಿನಿಂದ ಮಾತು.

“ಏನಣ್ಣೋ, ಈವತ್ತು ತಡ? ಮದ್ವೆಗೆ ಹೋಗಿದ್ಯಾ?”

“ಹೂ ಕಣಮ್ಮ, ನಿನ್ನ ಗಂಡಂದೇ ಎರಡ್ನೇ ಮದ್ವೆ. ಊಟ ಮಾತ್ರ ಸಪ್ಪೆ.”

ಮುಖಗವಸಿನ ಹಿಂದೆ ಬೀದಿಗೆ ಬೀದಿಯೇ ನಗುತ್ತಿತ್ತು.

ಅಷ್ಟರಲ್ಲಿ ಊರಂಚಿನ ಬೀದಿಯಲ್ಲಿ ಒಬ್ಬರಿಗೆ ಸೋಂಕು ಕಂಡಿತು. ಎರಡೂ ತುದಿಗೆ ಬಿದಿರು ಕಟ್ಟಿದರು. ಒಳಗೆ ಹೋದವರು ಹದಿನಾಲ್ಕು ದಿನ ಹೊರಬರುವಂತಿಲ್ಲ. ಆ ಬೀದಿಯ ವಾಲ್ವ್ ಬಿದಿರಿನ ಬೇಲಿಯೊಳಗೇ ಉಳಿಯಿತು; ಹಲ್ಲು ಸವೆದಿದ್ದ ಅದು ನೀರುಗಂಟಿಯ ಕೈಗಲ್ಲದೆ ಬೇರೆ ಯಾರಿಗೂ ತಿರುಗುತ್ತಿರಲಿಲ್ಲ. ಅವರು ಒಳಹೋಗಕೂಡದೆಂದು ಪಂಚಾಯಿತಿ ಅಪ್ಪಣೆ ಮಾಡಿತು. ಮೂರು ದಿನ ನೀರಿಲ್ಲ. ಕೈ ತೊಳೆಯಿರಿ ಎಂದು ಸಾರುವ ಆಟೊ ಮಾತ್ರ ಬೇಲಿಯವರೆಗೆ ಬಂದು ಕೂಗಿ ಹೋಗುತ್ತಿತ್ತು!

ನಾನು ಪಂಚಾಯಿತಿಗೆ ನುಗ್ಗಿ ಆದೇಶದ ಪ್ರತಿ ಕೇಳಿದೆ.

“ಬಾಯಿಮಾತಿನ ಆದೇಶ ಕಣಮ್ಮ,” ಎಂದರು ಅಧಿಕಾರಿ.

“ಯಾರ ಬಾಯಿ?”

“ಮೇಲಿನೋರ್ದು.”

ನಾಲ್ಕನೆಯ ಬೆಳಿಗ್ಗೆ ಒಳಗಿನಿಂದ ಮುದುಕಿಯೊಬ್ಬಳು ಖಾಲಿ ಬಿಂದಿಗೆ ಬಡಿದು ಕೂಗಿದಳು: “ಸಾಯ್ಲಿ ಅಂತ ಬೇಲಿ ಹಾಕುದ್ರೇನ್ರಲಾ?”

ನೀರುಗಂಟಿ ಬಗ್ಗಿ ಬಿದಿರಿನಡಿ ನುಸುಳಿಯೇಬಿಟ್ಟರು.

“ಯಜಮಾನ್ರೇ, ವಾಪಸ್ ಬನ್ನಿ!” ಕಾವಲಿನ ಹೋಮ್‌ಗಾರ್ಡ್ ಬೊಬ್ಬೆಯಿಟ್ಟ.

“ಹದ್ನಾಲ್ಕು ದಿನ ಬರಂಗಿಲ್ಲ ಅಂತ ನೀನೇ ಅಂದ್ಯಲ್ಲಪ್ಪ!”

ನಲ್ಲಿಗಳು ಮೊದಲು ಬುಸುಗುಟ್ಟಿದವು, ಕೆಮ್ಮಿದವು, ಆಮೇಲೆ ಧೋ ಎಂದು ಸುರಿದವು. ಕೊಡ, ಬಕೆಟ್, ಅನ್ನದ ತಪ್ಪಲೆ, ಸಿಕ್ಕಿದ್ದೆಲ್ಲ ಹೊರಬಂತು. ಬೇಲಿಯ ಈಚೆ ನಾನು ಕುಣಿಯುತ್ತಿದ್ದೆ! ಅವರು ಆ ವಾಲ್ವನ್ನು ಮತ್ತೆ ಮುಚ್ಚದೆ ಹಾಗೇ ಬಿಟ್ಟು, ಕೀಲಿಗೆ ಸೋಪು ಹಚ್ಚಿ ತೊಳೆದು, ಬಿದಿರಿನ ಮೇಲಿಂದ ನನ್ನತ್ತ ಚಾಚಿದರು. “ಮಿಕ್ಕಿದ್ ಬೀದಿಯೆಲ್ಲ ನಿಂದು ಕಣವ್ವ. ಕೊನೆ ಮನೆ ಮರೀಬ್ಯಾಡ.”

ಆ ಬೀದಿಯ ಅಂಗನವಾಡಿಯ ಜಗುಲಿಯಲ್ಲೇ ಅವರು ಉಳಿದರು. ಮೂರನೆಯ ದಿನ ಅವರಿಗೆ ಪಂಚಾಯಿತಿಯ ನೋಟಿಸು ಬಂತು: ನಿಯಮ ಮೀರಿದ್ದೇಕೆ, ಕೆಲಸದಿಂದ ಏಕೆ ತೆಗೆಯಬಾರದು? ನೀರು ನಿಲ್ಲಿಸಿದ ಆದೇಶಕ್ಕೆ ಕಾಗದವಿರಲಿಲ್ಲ. ನೀರು ಬಿಟ್ಟವರಿಗೆ ಮಾತ್ರ ಮೊಹರು ಒತ್ತಿದ ಕಾಗದ!

ನಾನು ಸಂವಿಧಾನದ ವಿಧಿಗಳನ್ನೆಲ್ಲ ಜೋಡಿಸಿ ನಾಲ್ಕು ಪುಟದ ಉತ್ತರ ಬರೆದು, ಬೇಲಿಯೆದುರು ನಿಂತು ಓದಿದೆ. ಅವರು ತಲೆ ಕೆರೆದುಕೊಂಡರು.

“ಇಷ್ಟುದ್ದ ಯಾಕವ್ವ? ಬೀದೀಲಿ ಜನ ಇದ್ರು, ನೀರು ಬುಟ್ಟೆ ಅಂತ ಬರಿ. ನಡ್ದಿದ್ದು ಅಷ್ಟೇಯ.”

“ಕೆಲಸ ತೆಗೆದರೆ?”

“ತಗೀಲಿ. ಯಾಕ್ ತೆಗುದ್ವಿ ಅಂತ ಅವ್ರೂ ಬರ್ದು ಸೈನ್ ಹಾಕ್ಬೇಕಲ್ಲ? ಹಾಕ್ಲಿ, ನೋಡಾನ.”

ಅಷ್ಟನ್ನೇ ಬರೆದು ಕೊಟ್ಟೆ. ಕೆಲಸದಿಂದ ತೆಗೆಯುವ ಕಾಗದಕ್ಕೆ ಯಾರೂ ಸಹಿ ಹಾಕಲಿಲ್ಲ. ಕಳೆದ ಬೇಸಿಗೆಯಲ್ಲಿ ತೀರಿಕೊಳ್ಳುವವರೆಗೂ ಅವರೇ ನಮ್ಮೂರಿನ ನೀರುಗಂಟಿಯಾಗಿದ್ದರು.

ಪಂಚಾಯಿತಿಗೆ ವರ್ಷಕ್ಕೊಂದು ಮಾಹಿತಿ ಹಕ್ಕಿನ ಅರ್ಜಿ ಕೊಡುತ್ತೇನೆ. ವಿಧಿ, ಕಲಮುಗಳ ಗೋಜಿಲ್ಲ. ಆ ಬೀದಿಗೆ ನೀರು ಬಿಡಬೇಡಿ ಎಂದವರು ಯಾರು ಎಂದಷ್ಟೇ ಕೇಳುತ್ತೇನೆ. ಮೊನ್ನೆ ಮತ್ತೆ ಕೊಟ್ಟು ಬಂದೆ, ಸ್ವೀಕರಿಸಿದವರ ಸಹಿ ಪಡೆದುಕೊಂಡೇ.