ಗುಂಡಿಯಣ್ಣನಿಗೆ ಸಿಕ್ಕ ಎರಡು ಮಧ್ಯಾಹ್ನ

ಅಂಗಿಯ ಗುಂಡಿ ಕಿತ್ತುಹೋಯಿತೆಂದು ಯಾರಾದರೂ ಅಂಗಡಿಗೆ ಬಂದರೆ ಆ ಟೈಲರ್ ಅಂಗಿ ಬಿಚ್ಚಲು ಬಿಡುತ್ತಿರಲಿಲ್ಲ. ಮೈಮೇಲಿದ್ದಂತೆಯೇ, ಎದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು, ಮನೆಯವರ ಕ್ಷೇಮ ವಿಚಾರಿಸುವಷ್ಟರಲ್ಲಿ ಗುಂಡಿ ಹಾಕಿ, ಹಲ್ಲಿನಿಂದ ದಾರ ಕಡಿದು ಕಳಿಸಿಬಿಡುತ್ತಿದ್ದ. ಹಾಗಾಗಿ ಬೀದಿಗೆಲ್ಲ ಅವನು ಗುಂಡಿಯಣ್ಣ. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಹೆಂಡತಿ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಇಬ್ಬರೇ, ಗುಂಡಿಯಣ್ಣ ಮತ್ತು ಅವನ ಅತ್ತೆ. ಅತ್ತೆ ಒಂದು ಕಾಲದಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಇಡೀ ಊರಿನ ಜಗಳ, ರಾಜಿ, ಸಾವು, ಹುಟ್ಟು ಎಲ್ಲ ಅವರ ಕಿವಿ ದಾಟಿಯೇ ಹೋಗಬೇಕಿತ್ತು; ಬಾಯಿಂದ ಮಾತ್ರ ಒಂದು ಸುದ್ದಿಯೂ ಹೊರಬಿದ್ದದ್ದಿಲ್ಲ.

“ಮಗಳೇ ಇಲ್ಲ ಅಂದಮೇಲೆ ಅತ್ತೆ ನಿನಗೇನಾಗಬೇಕಯ್ಯಾ? ಎಲ್ಲಾದರೂ ಬಿಟ್ಟು ಬಾ,” ಎಂದು ಕೆಲವರು ಬುದ್ಧಿ ಹೇಳಿದರು. ಗುಂಡಿಯಣ್ಣ ನಕ್ಕುಬಿಟ್ಟ. ಅವನಿಗೆ ಒಂದು ಕೋಟಿನ ನೆನಪಿತ್ತು. ಮದುವೆಯಾದ ಹೊಸತರಲ್ಲಿ, ಕೈ ಇನ್ನೂ ಪಳಗುವ ಮೊದಲೇ, ಅತ್ತೆಯ ಒಳ್ಳೆಯ ಉಣ್ಣೆಬಟ್ಟೆಗೆ ಕತ್ತರಿ ಹಾಕಿ ಒಂದು ಭುಜ ಮೇಲೆ, ಒಂದು ಭುಜ ಕೆಳಗೆ ಮಾಡಿಟ್ಟಿದ್ದ. ಅತ್ತೆ ಅದನ್ನೇ ತೊಟ್ಟು ಎಷ್ಟೋ ಚಳಿಗಾಲ ಆಫೀಸಿಗೆ ಹೋದರು. ಯಾರಾದರೂ ಕಣ್ಣರಳಿಸಿ ನೋಡಿದರೆ, “ನಮ್ಮ ಅಳಿಯ ಹೊಲಿದಿದ್ದು ಕಣ್ರೀ,” ಎಂದು ತಾವೇ ಮುಂದಾಗಿ ಹೇಳುತ್ತಿದ್ದರು. ಅಂಥವರನ್ನು ಎಲ್ಲಿಗೆ ಬಿಟ್ಟು ಬರುವುದು?

ಆದರೆ ಮರೆವಿನ ಕಾಯಿಲೆ ಬಂತು. ಮೊದಮೊದಲು ಚಮಚ ಎಲ್ಲಿಟ್ಟೆ ಎಂಬುದನ್ನು ಮರೆತರು, ಆಮೇಲೆ ಚಮಚ ಯಾಕಿದೆ ಎಂಬುದನ್ನೇ ಮರೆತರು. ಗುಂಡಿಯಣ್ಣನನ್ನು “ಮಾಸ್ಟರೇ” ಎಂದು ಕರೆಯತೊಡಗಿದರು. ಡ್ಯೂಟಿಗೆ ಹೊತ್ತಾಯಿತೆಂದು ಹೊತ್ತಲ್ಲದ ಹೊತ್ತಿನಲ್ಲಿ ಎದ್ದು ಬಾಗಿಲು ತೆಗೆಯುತ್ತಿದ್ದರು. ಅವರು ಎದ್ದರೆ ಇವನೂ ಏಳಬೇಕು. ಹಗಲು ಅಂಗಡಿಗೇ ಕರೆತಂದು ಮೆಷೀನಿನ ಪಕ್ಕ ಕೂರಿಸಿಕೊಳ್ಳುತ್ತಿದ್ದ. ಒಂದು ಕಾಲು ಪೆಡಲ್ ಮೇಲೆ, ಒಂದು ಕಣ್ಣು ಅತ್ತೆಯ ಮೇಲೆ. ಗಿರಾಕಿಗಳು ಬಂದರೆ ಅತ್ತೆ, “ಒಂದು ನಿಮಿಷ ಲೈನಿನಲ್ಲಿರಿ,” ಎನ್ನುತ್ತಿದ್ದರು. ಗಿರಾಕಿಗಳು ನಿಜಕ್ಕೂ ಇರುತ್ತಿದ್ದರು.

ಎಲ್ಲ ಬಯಲಾದದ್ದು ಒಂದು ಜೇಬಿನಿಂದ. ಹತ್ತಿರದ ಆರೋಗ್ಯ ಕೇಂದ್ರದ ನರ್ಸಮ್ಮ ಯೂನಿಫಾರ್ಮ್ ಹೊಲಿಸಿಕೊಂಡಿದ್ದಳು. ಪರದೆಯ ಹಿಂದೆ ಹೋಗಿ ತೊಟ್ಟುಕೊಂಡು ಬಂದವಳು ಬೆನ್ನು ತಿರುಗಿಸಿ ನಿಂತಳು. ಜೇಬು ಬೆನ್ನಿನ ಮೇಲಿತ್ತು. ಅಚ್ಚುಕಟ್ಟಾದ ಜೇಬು, ಒಂದೇ ಒಂದು ಹೊಲಿಗೆ ಸೊಟ್ಟಗಿಲ್ಲ.

ಗುಂಡಿಯಣ್ಣ ತಲೆ ಮೇಲೆ ಕೈಹೊತ್ತು ಕೂತ. ನರ್ಸಮ್ಮನಿಗೆ ಮೊದಲು ನಗು ಬಂತು. ಅವನ ಕಣ್ಣು ನೋಡಿದ ಮೇಲೆ ನಗು ಇಂಗಿತು.

“ಅಣ್ಣಾ, ಸರಿಯಾಗಿ ನಿದ್ದೆ ಮಾಡಿ ಎಷ್ಟು ದಿನ ಆಯ್ತು?”

“ನಿದ್ದೆನಾ? ಬರುತ್ತಮ್ಮಾ. ಅತ್ತೆ ಬಿಡಲ್ಲ ಅಷ್ಟೆ.”

“ಹೀಗೇ ಆದ್ರೆ ಅತ್ತೆಗಿಂತ ಮೊದಲು ನೀವೇ ಮಲಗ್ತೀರಾ. ಸರ್ಕಾರದಿಂದ ಸಹಾಯ ಇದೆ, ಗೊತ್ತಾ?”

“ಔಷಧಿ ಕೊಡ್ತಾರಲ್ಲ, ತರ್ತೀನಿ.”

“ಅದು ಅವರಿಗಾಯ್ತು. ನಾನು ಹೇಳ್ತಿರೋದು ನೋಡ್ಕೊಳ್ಳೋರಿಗೆ ಕೊಡೋ ಸಹಾಯ. ನಿಮಗೆ!”

ಗುಂಡಿಯಣ್ಣನ ಮುಖ ಕೆಂಪಾಯಿತು. “ನನಗೇನಾಗಿದೆ? ಗಟ್ಟಿಮುಟ್ಟಾಗಿದೀನಲ್ಲಾ,” ಎಂದ. ನರ್ಸಮ್ಮ ಮತ್ತೊಮ್ಮೆ ಬೆನ್ನು ತೋರಿಸಿದಳು.

ಅವಳ ಕಾಟಕ್ಕೆ ಅವನು ಕೊನೆಗೊಂದು ಬೆಳಿಗ್ಗೆ ಅತ್ತೆಯ ಕೈಹಿಡಿದುಕೊಂಡು ಹೊರಟ. ಕಲ್ಯಾಣ ಇಲಾಖೆಯವರು, ಇದು ಕಾಯಿಲೆಯ ವಿಷಯ, ಆರೋಗ್ಯ ಇಲಾಖೆಗೆ ಹೋಗಿ ಎಂದರು. ಆರೋಗ್ಯ ಇಲಾಖೆಯವರು, ಇದು ಮನೆ ವಿಷಯ, ಕಲ್ಯಾಣ ಇಲಾಖೆಗೆ ಹೋಗಿ ಎಂದರು. ಅತ್ತೆಗೆ ಕಾಲು ಸೋತಿತು, ಇವನಿಗೆ ತಲೆ ಚಿಟ್ಟು ಹಿಡಿಯಿತು. ಮರಳಿ ಕಲ್ಯಾಣ ಇಲಾಖೆಯ ಬೆಂಚಿನ ಮೇಲೆ ಕೂತಾಗ, ಇನ್ನು ಮನೆಗೆ ಹೋಗಿಬಿಡೋಣ ಎಂದು ಅವನು ನಿಶ್ಚಯಿಸಿಯಾಗಿತ್ತು.

ಅಷ್ಟರಲ್ಲಿ ಎದುರಿನ ಮೇಜಿನ ಮೇಲೆ ಫೋನು ಹೊಡೆದುಕೊಳ್ಳತೊಡಗಿತು. ಗುಮಾಸ್ತರು ಯಾರೂ ತಲೆ ಎತ್ತಲಿಲ್ಲ. ನಿಂತಿತು, ಮತ್ತೆ ಶುರುವಾಯಿತು. ಗುಂಡಿಯಣ್ಣ ತಿರುಗಿ ನೋಡುವಷ್ಟರಲ್ಲಿ ಅತ್ತೆ ಪಕ್ಕದಲ್ಲಿರಲಿಲ್ಲ. ಮೇಜಿನ ಹಿಂದೆ ನೆಟ್ಟಗೆ ಕೂತು, ರಿಸೀವರ್ ಕಿವಿಗಿಟ್ಟುಕೊಂಡು, ಬೆಣ್ಣೆಯಂಥ ದನಿಯಲ್ಲಿ, “ನಮಸ್ಕಾರ, ಯಾರು ಬೇಕಾಗಿತ್ತು ಹೇಳಿ?” ಎನ್ನುತ್ತಿದ್ದರು. ಆಮೇಲೆ ರಿಸೀವರಿನ ಬಾಯಿ ಮುಚ್ಚಿ ಗುಮಾಸ್ತರ ಕಡೆ ತಿರುಗಿದರು. “ಏನ್ರೀ, ಪಾಪ ಆ ಹೆಣ್ಣುಮಗಳು ಬೆಳಗಿನಿಂದ ಪ್ರಯತ್ನ ಪಡ್ತಿದಾಳಂತೆ. ಯಾರಾದ್ರೂ ಬಂದು ಮಾತಾಡ್ತೀರೋ, ಮೇಲಿನವರಿಗೆ ಹೇಳ್ಬೇಕೋ?”

ಮೇಲಿನವರು ಆಗಲೇ ಬಾಗಿಲಲ್ಲಿ ನಿಂತಿದ್ದರು. ನಡುವಯಸ್ಸಿನ ಅಧಿಕಾರಿಣಿ. ಗುಂಡಿಯಣ್ಣ ಓಡಿಹೋಗಿ, “ತಪ್ಪಾಯ್ತು ಮೇಡಂ, ಅವರಿಗೆ ಸ್ವಲ್ಪ ಮರೆವು,” ಎಂದು ಕೈಮುಗಿದ.

“ಇವರಿಗೆ ಮರೆವು ಇರಬಹುದು. ಫೋನ್ ಎತ್ತಬೇಕು ಅನ್ನೋದನ್ನ ಇಲ್ಲಿರೋರೆಲ್ಲ ಮರೆತಿದಾರಲ್ಲ. ಬನ್ನಿ ಒಳಗೆ.”

ಒಳಗೆ ಆಕೆ ಸಂಬಂಧ ಕೇಳಿದರು. ಅಳಿಯ ಎಂದ. ಹೆಂಡತಿ? ಇಲ್ಲ, ತೀರಿಕೊಂಡಳು ಎಂದ. ಇನ್ನು ಅದೇ ಮಾತು ಬರುತ್ತದೆ, ‘ನಿನಗೇನಾಗಬೇಕು’ ಎನ್ನುತ್ತಾರೆ ಎಂದು ತಲೆ ತಗ್ಗಿಸಿದ. ಆಕೆ ಬರೆದುಕೊಳ್ಳುತ್ತಲೇ, “ಒಂದೇ ಮನೇಲಿದ್ದು ನೋಡ್ಕೊಳ್ತಿದ್ರೆ ಸಾಕು, ಮಗನೇ ಆಗಿರಬೇಕು ಅಂತೇನಿಲ್ಲ,” ಎಂದರು. ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು, “ಹೇಗಿದೀರಾ?”

“ಊಟ ಮಾಡ್ತಾರೆ ಮೇಡಂ. ಸ್ನಾನಕ್ಕೆ ಮಾತ್ರ ಬಲು ಹಟ. ಮಾತ್ರೆ...”

“ಅವರ ವಿಷಯ ಆಮೇಲೆ ಕೇಳ್ತೀನಿ. ನೀವು ಹೇಗಿದೀರಾ?”

ಹೆಂಡತಿ ಹೋದ ಮೇಲೆ ಯಾರೂ ಅವನನ್ನು ಹಾಗೆ ಕೇಳಿರಲಿಲ್ಲ. ಹೇಳಲು ಬಾಯಿ ತೆರೆದ. ಕರವಸ್ತ್ರಕ್ಕೆ ತಡಕಾಡಿದ. ಸಿಗಲಿಲ್ಲ. ಕೊರಳಲ್ಲೇ ಉಳಿದಿದ್ದ ಅಳತೆಯ ಟೇಪಿನಿಂದ ಕಣ್ಣೊರೆಸಿಕೊಂಡ. ಅತ್ತೆ ಅವನ ಬೆನ್ನು ಸವರಿ, “ಅಳಬೇಡಿ ಮಾಸ್ಟರೇ, ಲೈನ್ ಸಿಗುತ್ತೆ,” ಎಂದರು. ಅಳುತ್ತಿದ್ದವನಿಗೆ ನಗುವೂ ಬಂದುಬಿಟ್ಟಿತು.

ವಾರಕ್ಕೆ ಎರಡು ಮಧ್ಯಾಹ್ನ ಮನೆಗೆ ಒಬ್ಬ ಸಹಾಯಕಿ ಬರುವುದೆಂದಾಯಿತು. ಜೊತೆಗೆ, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವವರು ತಿಂಗಳಿಗೊಮ್ಮೆ ಕಲೆಯುವ ಸಭೆಯ ವಿಳಾಸವನ್ನೂ ಅಧಿಕಾರಿಣಿ ಕೊಟ್ಟರು.

ಸಹಾಯಕಿ ಬಂದ ಮೊದಲ ದಿನ ಗುಂಡಿಯಣ್ಣ ಮನೆ ಬಿಟ್ಟು ಕದಲಲಿಲ್ಲ. ಟೀ ಬಿಸಿ ಇರಬಾರದು, ಕಿಟಕಿ ಪೂರ್ತಿ ತೆರೆಯಬಾರದು, ಎಡಗಡೆಯಿಂದ ಮಾತಾಡಿಸಬಾರದು ಎಂದು ಅವಳ ಹಿಂದೆ ಹಿಂದೆ ಸುತ್ತಿದ. ದಪ್ಪ ಮೈಯ, ದಪ್ಪ ದನಿಯ ಆ ಹೆಂಗಸು ಸೊಂಟದ ಮೇಲೆ ಕೈಯಿಟ್ಟು ನಿಂತಳು.

“ಯಜಮಾನ್ರೇ, ನೀವು ಹೊರಗೆ ಹೋಗ್ಲಿ ಅಂತಾನೇ ನನ್ನನ್ನ ಕಳಿಸಿರೋದು. ಹೊರಡ್ತೀರೋ, ನಾನೇ ಹೋಗ್ಲೋ?”

ಹೊರಟ. ಹೋಗಲು ಬೇರೆ ಜಾಗ ಗೊತ್ತಿಲ್ಲದೆ ಅಂಗಡಿಗೇ ಹೋದ. ಕತ್ತರಿಸಬೇಕಿದ್ದ ಬಟ್ಟೆಯನ್ನು ಮೇಜಿನ ಮೇಲೆ ಹಾಸಿದ. ಅದರ ಮೇಲೆ ಒಂದು ಗಳಿಗೆ ತಲೆಯಿಟ್ಟ, ಅಷ್ಟೆ. ಎಚ್ಚರವಾದಾಗ ಬಿಸಿಲು ಗೋಡೆ ಬಿಟ್ಟು ಹೋಗಿತ್ತು, ಕೆನ್ನೆಗೆ ಸೀಮೆಸುಣ್ಣದ ಗೆರೆ ಮೂಡಿತ್ತು. ಎದ್ದೆನೋ ಬಿದ್ದೆನೋ ಎಂದು ಮನೆಗೆ ಓಡಿದರೆ, ಅತ್ತೆ ಸಹಾಯಕಿಯ ಕೈಯಿಂದ ಬ್ರೆಡ್ಡು ತಿನ್ನುತ್ತ ಕುಲುಕುಲು ನಗುತ್ತಿದ್ದರು. ತನ್ನ ಕೈಯಲ್ಲಾದರೆ ಪ್ರತಿ ತುತ್ತಿಗೂ ಮುಖ ತಿರುಗಿಸುವವರು! ಗುಂಡಿಯಣ್ಣನಿಗೆ ನಿರಾಳವೂ ಆಯಿತು, ಒಳಗೊಳಗೇ ಹೊಟ್ಟೆಕಿಚ್ಚೂ ಆಯಿತು. ಆ ಸಂಜೆ ಸುಮ್ಮಸುಮ್ಮನೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಟ್ಟ.

ತಿಂಗಳ ಸಭೆಯಲ್ಲಿ ಅವನಿಗೆ ಒಬ್ಬ ನಿವೃತ್ತ ಬಸ್ ಡ್ರೈವರ್ ಗುರುವಾದ. ಅವನ ಹೆಂಡತಿಗೂ ಇದೇ ಕಾಯಿಲೆ. “ತಲೆ ಮೇಲೆ ನೀರು ಸುರಿದ್ರೆ ಯಾರಿಗಾದ್ರೂ ಹೆದರಿಕೆ ಆಗಲ್ವೇನಯ್ಯಾ? ಮೊದಲು ಪಾದ ತೊಳಿ. ಬಿಸಿ ಟವೆಲ್ ಹೆಗಲಿಗೆ ಹೊದಿಸು. ಮಾತಾಡ್ತಾ ಮಾತಾಡ್ತಾ ಮೇಲಕ್ಕೆ ಬಾ,” ಎಂದು ಡ್ರೈವರ್ ಹೇಳಿಕೊಟ್ಟ. ಮರುದಿನವೇ ಗುಂಡಿಯಣ್ಣ ಹಾಗೆ ಮಾಡಿ ನೋಡಿದ. ಅತ್ತೆ ಹಟ ಮಾಡಲಿಲ್ಲ. ಬೆಚ್ಚಗೆ ಕಣ್ಣು ಮುಚ್ಚಿ ಕೂತು, ಎಂದೋ ಮರೆತುಹೋಗಿದ್ದ ಮಗಳ ಹೆಸರನ್ನು ಒಮ್ಮೆ ಕರೆದರು. ಗುಂಡಿಯಣ್ಣ “ಊಂ” ಎಂದು ಓಗೊಟ್ಟ.

ಅತ್ತೆಯ ಕಾಯಿಲೆ ಇಳಿಯುವಂಥದ್ದಲ್ಲ, ಏರುತ್ತಲೇ ಇದೆ. ಈಗ ಮಾತೂ ಕಡಿಮೆ. ಆದರೆ ಗುಂಡಿಯಣ್ಣನ ಕೆನ್ನೆ ತುಂಬಿಕೊಂಡಿದೆ, ಮೆಷೀನು ಮೊದಲಿನ ಲಯಕ್ಕೆ ಬಂದಿದೆ. ಅಳತೆಗೆ ಕೈಯೆತ್ತಿ ನಿಂತ ಗಿರಾಕಿ ತಪ್ಪಿಸಿಕೊಂಡು ಹೋಗುವಂತಿಲ್ಲವಾದ್ದರಿಂದ, ಅವನು ಆಗಲೇ ವಿಚಾರಣೆ ಶುರುಮಾಡುತ್ತಾನೆ: “ಮನೇಲಿ ದೊಡ್ಡೋರಿದಾರಾ? ಯಾರು ನೋಡ್ಕೋತಾರೆ? ಅವರಿಗೆ ನಿದ್ದೆ ಆಗುತ್ತಾ?”

ಮೊನ್ನೆ ಬೇಕರಿಯ ಹುಡುಗಿ ಈ ಪ್ರಶ್ನೆಗೆ ತುಟಿ ಕಚ್ಚಿ ನಿಂತುಬಿಟ್ಟಳಂತೆ. ಹಾಸಿಗೆ ಹಿಡಿದು ಎದ್ದ ಮೇಲೂ ಆಸರೆ ಬೇಕಾದ ಅಪ್ಪ, ನೋಡಿಕೊಳ್ಳಲು ಮನೆಯಲ್ಲಿ ಇವಳೊಬ್ಬಳೇ. ಸಹಾಯಕಿ ಬರುವ ಮಧ್ಯಾಹ್ನವೇ ನೋಡಿ ಗುಂಡಿಯಣ್ಣ ಅಂಗಡಿ ಮುಚ್ಚಿ, ಅಪ್ಪ ಮಗಳಿಬ್ಬರನ್ನೂ ಕಲ್ಯಾಣ ಇಲಾಖೆಗೆ ಕರೆದುಕೊಂಡು ಹೋದ. ಗುಮಾಸ್ತರೊಬ್ಬರು ಆರೋಗ್ಯ ಇಲಾಖೆಯ ದಾರಿ ತೋರಿಸಲು ಕೈಯೆತ್ತಿದ್ದೇ ತಡ, “ಆ ದಾರಿ ನಾನು ನೋಡಿದೀನಿ ಸ್ವಾಮಿ,” ಎಂದವನೇ ಅವಳನ್ನು ನೇರ ಅಧಿಕಾರಿಣಿಯ ಕೋಣೆಯ ಬಾಗಿಲಿಗೆ ಒಯ್ದು ಬಿಟ್ಟ.

“ಒಳಗೆ ಹೋಗಮ್ಮ. ನಿನ್ನ ವಿಷಯ ಕೇಳ್ತಾರೆ, ನಾಚ್ಕೊಬೇಡ. ಎಲ್ಲಾ ಹೇಳು.”

“ಅಪ್ಪ?”

“ಅಪ್ಪನ ಹತ್ರ ನಾನಿರ್ತೀನಿ.”

ಬಾಗಿಲು ಮುಚ್ಚಿತು. ಗುಂಡಿಯಣ್ಣ ಬೆಂಚಿಗೆ ಬಂದು ಮುದುಕನ ಪಕ್ಕ ಕೂತ. ಮುದುಕನ ಅಂಗಿಯ ಕಾಲರು ಒಳಗೆ ಮಡಚಿಕೊಂಡಿತ್ತು. ಅದನ್ನು ಬಿಡಿಸಿ ಸರಿಮಾಡುತ್ತ, “ಹೇಳಿ ಯಜಮಾನ್ರೇ, ಬೇಕರಿಲಿ ನಿಮಗಿಷ್ಟವಾದದ್ದು ಯಾವುದು?” ಎಂದು ಮಾತಿಗೆಳೆದ.