ನಾನು ತಿದ್ದಿದ ಸಾಲು

ಬೀಸುವ ಕಲ್ಲಿನ ಗೂಟ ಹಿಡಿದು ಹಿಡಿದು ನಮ್ಮ ಅತ್ತೆಯ ಬಲ ಅಂಗೈ ಜಡ್ಡುಗಟ್ಟಿತ್ತು. ನನಗೆ ಜ್ವರ ಬಂದಾಗ ಆ ಕೈ ಹಣೆಗೆ ಒರಟಾಗಿ ತಾಕುತ್ತಿತ್ತು. ಆದರೂ ತೆಗೆಯದಿರಲಿ ಎನಿಸುತ್ತಿತ್ತು. ಆಕೆ ಅಪ್ಪನ ಅಕ್ಕ. ತಾಯಿಯಿಲ್ಲದ ನನ್ನನ್ನು ಮಸ್ಕಿಯ ತನ್ನ ಮನೆಯಲ್ಲಿಟ್ಟುಕೊಂಡು ಸಾಕಿದಳು.

ಅದು ನಿಜಾಮರ ಕಾಲ. ಲಿಂಗಸುಗೂರಿನ ಶಾಲೆಯಲ್ಲಿ ನಾನು ಕಲಿತದ್ದೆಲ್ಲ ಉರ್ದುವಿನಲ್ಲಿ. ಕನ್ನಡದ ಲಯ ಕಿವಿಗೆ ಬಿದ್ದದ್ದು ಅತ್ತೆಯ ಬೀಸುವ ಪದಗಳಿಂದ. ಓದು ಬರಹ ಅರಿಯದ ಆಕೆ ಕಲ್ಲು ಎಳೆದಾಗಲೆಲ್ಲ ಹಾಡಿನ ಒತ್ತು ಸರಿಯಾಗಿ ಆ ಎಳೆತದ ಮೇಲೇ ಬೀಳುತ್ತಿತ್ತು.

"ಹೆಂಗ ಗೊತ್ತಾಕ್ಕೈತಿ ಅತ್ತಿ?" ಎಂದರೆ, "ನನಗೇನು ಗೊತ್ತೋ ಅಳಿಯಾ, ರಟ್ಟಿ ಹೇಳತೈತಿ," ಎಂದು ನಗುತ್ತಿದ್ದಳು.

ಹೈದರಾಬಾದಿಗೆ ಓದಲು ಹೋದವನು ಛಂದಸ್ಸಿನ ಪುಸ್ತಕವೊಂದನ್ನು ಓದಿ, ಲಘು ಗುರು ಎಣಿಸುವ ಚಾಳಿ ಹಚ್ಚಿಕೊಂಡು ರಜೆಗೆ ಬಂದೆ. ಅತ್ತೆ "ಹಳ್ಳದ ನೀರು ತಣ್ಣಗ" ಎಂದು ಹಾಡುತ್ತಿದ್ದಳು. ಬೆರಳು ಮಡಚಿ ಎಣಿಸಿದೆ: ನಾಲ್ಕು, ಮೂರು, ನಾಲ್ಕು.

"ಅತ್ತಿ, ನಡುವ ಒಂದು ಮಾತ್ರೆ ಕಡಿಮಿ ಬಿತ್ತು. 'ನೀರದು' ಅನ್ನು."

"ಹೌದೇನು? ನೀ ಓದಿದಾವ. ನೀ ಹೇಳಿದಂಗ ಆಗ್ಲಿ," ಎಂದಳು. ನಾಲ್ಕು ದಿನ ಕೂತು ಅದನ್ನೇ ರೂಢಿ ಮಾಡಿಕೊಂಡಳು.

ಮರುವಾರ ತುರ್ವಿಹಾಳದಲ್ಲಿ ನೆಂಟರ ಮದುವೆ. ಅರಿಶಿನ ಬೀಸಲು ಅತ್ತೆಯೂ ಆಕೆಯ ಗೆಳತಿಯೂ ಎದುರುಬದುರು ಕೂತು ಒಂದೇ ಗೂಟ ಹಿಡಿದರು. ಅತ್ತೆ ನಾನು ತಿದ್ದಿದಂತೆಯೇ ಹಾಡಿದಳು. "ನೀರದು" ಬಂದಲ್ಲಿ ಇಬ್ಬರ ಕೈಯೂ ತಪ್ಪಿ ಕಲ್ಲು ನಿಂತಿತು. ಇಷ್ಟು ವರ್ಷ ಆಕೆ "ನೀ" ಎಂಬುದನ್ನು ಎಳೆತದ ಜೊತೆಗೇ ಜಗ್ಗಿ ಆ ಕೊರತೆ ತುಂಬುತ್ತಿದ್ದಳು, ನಾನು ಸೇರಿಸಿದ "ದು" ಅಲ್ಲಿ ಹೆಚ್ಚಾಗಿತ್ತು ಎಂದು ನನಗೆ ಹೊಳೆದದ್ದು ಆಗ.

"ಮುದುಕಿಗೆ ಹಾಡೂ ಮರ್ತು ಹೋತು!" ಎಂದು ಯಾರೋ ನಕ್ಕರು. ಅತ್ತೆ ನನ್ನ ಹೆಸರೆತ್ತಲಿಲ್ಲ. "ವಯಸ್ಸಾತವ್ವ," ಎಂದು ಗೂಟ ಬಿಟ್ಟು ಎದ್ದಳು. ಬಾಗಿಲಲ್ಲಿ ನಿಂತಿದ್ದ ನಾನು ತುಟಿ ಬಿಚ್ಚಲಿಲ್ಲ.

ಊರಿಗೆ ಬಂದ ಮೇಲೆ, "ಮೊದಲಿನಂಗಾ ಹಾಡು ಅತ್ತಿ, ತಪ್ಪು ನಂದು," ಎಂದು ಬೇಡಿಕೊಂಡೆ.

"ಈಗ ಬರವಲ್ದಪ್ಪ. ಕೈ ಹೊರಳೂದ್ರಾಗ ಲೆಕ್ಕ ಅಡ್ಡ ಬರತೈತಿ."

ಆಮೇಲೆ ಆಕೆ ಬಾಯಿ ಮುಚ್ಚಿಕೊಂಡೇ ಬೀಸಿದಳು.

ಎರಡು ವರ್ಷಕ್ಕೆ ಅತ್ತೆ ತೀರಿಕೊಂಡಳು. ನಾನು ಹೈದರಾಬಾದಿನಿಂದ ಬರುವಷ್ಟರಲ್ಲಿ ಮಣ್ಣಾಗಿತ್ತು. ಅಂದು ಎದುರು ಕೂತು ಬೀಸಿದ್ದ ಗೆಳತಿ ಮನೆಗೆ ಬಂದಾಗ ನಡೆದದ್ದನ್ನೆಲ್ಲ ಹೇಳಿಬಿಟ್ಟೆ.

"ಆವತ್ತೇ ಹೇಳಬಾರದಿತ್ತೇನೋ ತಮ್ಮಾ? ಆಮ್ಯಾಲೆ ಯಾವ ಮದುವಿಗೂ ನಾವು ಆಕಿನ್ನ ಹಾಡಾಕ ಕರೀಲೇ ಇಲ್ಲ."