ಭಾನುವಾರದ ಬಾಗಿಲು

ಅಣ್ಣನ ವಿಡಿಯೋ ಗೇಮ್ ಕಂಪನಿಯಲ್ಲಿ ಇದ್ದದ್ದು ಕಾಸು ಹಾಕಿ ಆಡುವ ಮೂರೇ ಪೆಟ್ಟಿಗೆಗಳು. ಅದನ್ನು ಕಂಪನಿ ಎಂದು ಕರೆಯುತ್ತಿದ್ದವನೂ ಅವನೊಬ್ಬನೇ. ಎಂಬತ್ತರ ದಶಕದ ಕೊನೆ. ತಮಿಳುನಾಡಿನ ನಮ್ಮೂರು ಪಲ್ಲಡಂನಲ್ಲಿ ಟಿವಿ ರಿಪೇರಿ ಮಾಡುತ್ತಿದ್ದವನು ಎಲ್ಲಿಂದಲೋ ಹಳೆಯ ಬೋರ್ಡುಗಳನ್ನು ತಂದು, ಮರದ ಪೆಟ್ಟಿಗೆ ತಾನೇ ಕೊಯ್ದು ಜೋಡಿಸಿದ್ದ.

ವರ್ಷ ತುಂಬುವ ಮೊದಲೇ ಕೊಯಮತ್ತೂರಿನ ದೊಡ್ಡ ಕಂಪನಿಯೊಂದು ಬಸ್ ಸ್ಟ್ಯಾಂಡಿನ ಎದುರು ಹಾಲ್ ಹಿಡಿಯಿತು. ಹನ್ನೆರಡು ಪೆಟ್ಟಿಗೆ, ಎಲ್ಲವೂ ಬಣ್ಣದ ಪರದೆಯವು. ನಮ್ಮ ಗಿರಾಕಿ ಹುಡುಗರೆಲ್ಲ ವಾರದಲ್ಲೇ ಆ ಕಡೆ ಹೋದರು. ಅಣ್ಣ ಒಂದು ದಿನ ಅಲ್ಲಿ ಸುಮ್ಮನೆ ನಿಂತು ನೋಡಿ ಬಂದ.

"ಎಲ್ರೂ ನಿಂತ್ಕೊಂಡೇ ಆಡ್ಬೇಕು. ಹೆಣ್ಮಕ್ಳು ಒಬ್ರೂ ಇಲ್ಲ," ಎಂದ.

ಅವನಿಗೆ ಅಷ್ಟು ಸಾಕಾಯಿತು. ಪೆಟ್ಟಿಗೆಗಳ ಕಾಲು ಕೊಯ್ದು ತಗ್ಗಿಸಿ, ಮುಂದೆ ಸ್ಟೂಲ್ ಹಾಕಿದ. ನಮ್ಮ ಬೀದಿಯ, ನಮ್ಮಂತೆ ಕನ್ನಡ ಮಾತಾಡುವ ನೇಕಾರರ ಮನೆಗಳ ಹುಡುಗಿಯರು ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ವಾರವಿಡೀ ನಿಂತೇ ದುಡಿಯುವವರು. ಭಾನುವಾರ ಮಧ್ಯಾಹ್ನ ಅವರಿಗೆ ಮಾತ್ರ ಎಂದು ಬರೆದು ಹಾಕಿದ. ಆಗ ಅವನು ಹಿಂದಿನ ಕೋಣೆಯಲ್ಲಿರುತ್ತಿದ್ದ, ಬಾಗಿಲಲ್ಲಿ ನಾನು. ನಾನು ಕೂತಿದ್ದರೆ ಮಾತ್ರ ಮನೆಯವರು ಅವರನ್ನು ಕಳಿಸುತ್ತಿದ್ದರು; ಅದನ್ನು ಅವರು ಹೇಳಿದ್ದು ನನಗೆ ಮಾತ್ರ, ಅಣ್ಣನಿಗಲ್ಲ.

"ಅಕ್ಕಾ, ಇವ್ಳ ಕೈಗೆ ಗುಂಡು ಕೊಡ್ಬೇಡಿ, ನಮ್ಮನ್ನೇ ಸುಡ್ತಾಳೆ!"

"ಸುಮ್ನಿರ್ಡೀ, ನಮ್ಮ ಸೂಪರ್‌ವೈಸರ್ ತಲೆ ಅಂತ ನೆನ್ಸಿ ಹೊಡೀತಿದೀನಿ."

ಆ ಒಂದು ಮಧ್ಯಾಹ್ನದ ಕಾಸಿನಿಂದಲೇ ಅಂಗಡಿ ವಾರ ದಾಟುತ್ತಿತ್ತು.

ಆಗ ಸಿರುಮುಗೈಯಿಂದ, ರೇಷ್ಮೆ ನೇಯುವವರ ಮನೆಯಿಂದ, ನನಗೆ ಸಂಬಂಧ ಬಂತು. ಸುದ್ದಿ ತಂದ ಸೋದರತ್ತೆ ಹೇಳಿದಳು: "ಕಣ್ಣೂ, ಹುಡ್ಗಿ ಏನ್ ಮಾಡ್ತಾಳೆ ಅಂತ ಕೇಳಿದ್ರು. ಗೇಮ್ ಅಂಗಡಿ ಬಾಗ್ಲಲ್ಲಿ ಕೂತಿರ್ತಾಳೆ ಅನ್ನೋಕೆ ನಂಗೇ ನಾಚ್ಕೆ ಆಯ್ತು."

ಯಾರೂ ನನ್ನನ್ನು ತಡೆಯಲಿಲ್ಲ. ಬಾಗಿಲಲ್ಲಿ ಕೂರುವುದು ನನಗೇ ಬೇಡವಾಯಿತು. ಮುಂದಿನ ಭಾನುವಾರ ತಲೆನೋವು ಎಂದೆ. ಅಣ್ಣ ಮಾತ್ರೆ ತಂದುಕೊಟ್ಟು, ತಾನೇ ಅಂಗಡಿ ತೆರೆಯಲು ಹೋದ. ಹುಡುಗಿಯರು ಎಂದಿನಂತೆ ನನ್ನನ್ನು ಕರೆಯಲು ಮನೆಗೆ ಬಂದರು.

"ಇನ್ಮೇಲೆ ಭಾನುವಾರ ಇಲ್ಲ, ಅಣ್ಣ ನಿಲ್ಸಿದಾನೆ," ಎಂದೆ. ಯೋಚಿಸಿಯೇ ಹೇಳಿದ್ದು. ತಲೆನೋವು ಎಂದಿದ್ದರೆ ಮುಂದಿನ ವಾರ ಮತ್ತೆ ಬರುತ್ತಿದ್ದರು.

"ಏನ್ ಅಕ್ಕಾ, ಮುಂಚೇನೇ ಹೇಳ್ಬಾರ್ದಾ? ತಲೆಗೆ ಹೂ ಬೇರೆ ಮುಡ್ಕೊಂಡ್ ಬಂದ್ವಿ," ಎಂದು ಒಬ್ಬಳು ಗೊಣಗಿದಳು. ಹೋದರು. ಬೇರೆ ದಿನ ಅಂಗಡಿಯ ಕಡೆ ಅವರು ಕಾಲಿಡುವವರಲ್ಲ. ಹೆಣ್ಣುಮಕ್ಕಳನ್ನು ಬೀದಿಯಲ್ಲಿ ನಿಲ್ಲಿಸಿ ಕೇಳುವ ಧೈರ್ಯ ಅಣ್ಣನಿಗೂ ಇರಲಿಲ್ಲ.

ಸಂಜೆ ಬಂದು ಕೇಳಿದ: "ಒಬ್ರೂ ಬರ್ಲಿಲ್ಲಮ್ಮಾ. ಆಟ ಕಷ್ಟ ಆಯ್ತಾ ಅವ್ರಿಗೆ?"

"ಇರ್ಬಹುದು," ಎಂದೆ.

ಆ ವಾರವೆಲ್ಲ ಅವನು ಪೆಟ್ಟಿಗೆ ಬಿಚ್ಚಿಕೊಂಡು ಕೂತ. ಬೋರ್ಡಿನ ಪುಟ್ಟ ಸ್ವಿಚ್ಚುಗಳನ್ನು ಅತ್ತಿತ್ತ ಮಾಡಿ ಆಟದ ವೇಗ ತಗ್ಗಿಸಿದ. ಮುಂದಿನ ಭಾನುವಾರವೂ ಯಾರೂ ಇಲ್ಲ. ಇನ್ನಷ್ಟು ತಗ್ಗಿಸಿದ. "ಈಗ ಚಿಕ್ಕ ಮಗೂನೂ ಆಡ್ಬಹುದು, ಬಂದು ನೋಡು," ಎಂದು ಕರೆದ. ನಾನು ಹೋಗಲಿಲ್ಲ.

ದೀಪಾವಳಿಗೆ ಮೊದಲೇ ಅಂಗಡಿ ಮುಚ್ಚಿತು. ಅಣ್ಣ ಆ ದೊಡ್ಡ ಕಂಪನಿಯಲ್ಲೇ ಮೆಕ್ಯಾನಿಕ್ ಆದ. ಸಿರುಮುಗೈಯವರ ಮನೆಗೇ ಆದ ನನ್ನ ಮದುವೆಗೆ ಕಂಪನಿಯವರ ಹತ್ತಿರ ಎರಡು ದಿನ ರಜೆ ಬೇಡಿಕೊಂಡು ಬಂದ.

ಮೊನ್ನೆ ತವರಿಗೆ ಹೋದಾಗ ಅಣ್ಣ ನನ್ನ ಮಗನಿಗೆ ಹೇಳುತ್ತಿದ್ದ: "ಆ ದೊಡ್ಡ ಕಂಪ್ನಿಯೋರು ನನ್ನ ಮುಳುಗಿಸ್ಲಿಲ್ಲ ಕಣೋ. ಹೆಣ್ಮಕ್ಳಿಗೆ ಎಂಥ ಆಟ ಬೇಕು ಅಂತ ನಂಗೇ ತಿಳೀಲಿಲ್ಲ."

"ಹಂಗಲ್ಲ ಅಣ್ಣಾ," ಎಂದು ಬಾಯಿ ತೆರೆದೆ.

"ಏನು?"

"ಊಟಕ್ಕೆ ಏಳು," ಎಂದೆ.

ನಾನು ಓದಿದ್ದು ಐದನೇ ಕ್ಲಾಸು, ಅದೂ ತಮಿಳಿನಲ್ಲಿ. ಕನ್ನಡದ ಅಕ್ಷರ ಕಲಿಸಿದವರು, ಮದುವೆಯಾದ ಮೇಲೆ, ಗಂಡನ ಮನೆಯ ಮಾವ. ಅಣ್ಣನಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಗೊತ್ತಿದ್ದೇ ಇದನ್ನು ಕನ್ನಡದಲ್ಲಿ ಬರೆದಿದ್ದೇನೆ.